ಐದು ಸಾಲು, ಒಂದೇ ಎತ್ತರ

ನಮ್ಮ ಮನೆಯ ಬಿತ್ತನೆಗೆ ಮುಹೂರ್ತ ಇಡುತ್ತಿದ್ದದ್ದು ಕಸದ ಲಾರಿ. ನಗುವವರು ನಗಲಿ. ನಾವು ಈ ದೇಶಕ್ಕೆ ಬಂದು ಮೊದಲು ಬಾಡಿಗೆಗೆ ಹಿಡಿದದ್ದು ಪರ್ತ್‌ನ ವಿಲೆಟನ್‌ನಲ್ಲಿ ಒಂದು ಇಟ್ಟಿಗೆ ಮನೆ. ಆ ಬೀದಿಗೆ ಹಳದಿ ಮುಚ್ಚಳದ ಬಿನ್ ಖಾಲಿ ಮಾಡುವ ಲಾರಿ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಹಿಂದಿನ ಸಂಜೆ ನಾನು ಆ ಬಿನ್ನನ್ನು ದರದರ ಎಳೆದುಕೊಂಡು ಹೋಗಿ ರಸ್ತೆಯಂಚಿಗೆ ನಿಲ್ಲಿಸಿ ಬರುವಷ್ಟರಲ್ಲಿ ಅಮ್ಮ ಹಿತ್ತಲಿನಲ್ಲಿ ಸೆರಗು ಸಿಕ್ಕಿಸಿಕೊಂಡು ಕೂತಿರುತ್ತಿದ್ದಳು. ಒಂದು ಸಾಲು ಬಿತ್ತುತ್ತಿದ್ದಳು, ಒಂದೇ ಸಾಲು. ಮೈಸೂರಿನ ಮನೆಯಲ್ಲಿ ಅಜ್ಜಿ ಅಮಾವಾಸ್ಯೆಗೊಂದು ಸಾಲು, ಹುಣ್ಣಿಮೆಗೊಂದು ಸಾಲು ಹಾಕುತ್ತಿದ್ದರಂತೆ. ಆ ಲೆಕ್ಕ ಇಲ್ಲಿಗೆ ಯಾಕೆ ಬೇಡ ಎಂದು ಒಮ್ಮೆ ಕೇಳಿದ್ದೆ.

"ಚಂದ್ರನ್ನ ನೋಡೋದು ಮರ್ತುಹೋಗುತ್ತೆ ಪುಟ್ಟಿ. ಬಿನ್ ಮರ್ತ್ರೆ ಇನ್ನೂ ಹದಿನೈದು ದಿನ ಡಬ್ಬ ಬಾಟ್ಲಿ ಜೊತೆ ಸಂಸಾರ ಮಾಡ್ಬೇಕು. ಅದಕ್ಕೇ ಇದು ಗಟ್ಟಿ."

ಅವಳ ನಿಯಮ ಸರಳ. ಒಂದು ಸಾಲು ಬಾಣಲೆಗೆ, ಒಂದು ಸಾಲು ಬೆಳೆಯುವುದಕ್ಕೆ, ಒಂದು ಸಾಲು ಮೊಳಕೆಗೆ, ಇನ್ನೊಂದು ಸಾಲಿನ ಬೀಜ ಡಬ್ಬಿಯಲ್ಲಿ. ಒಂದೇ ದಿನ ಎಲ್ಲ ಬಿತ್ತಿದರೆ ಒಂದೇ ವಾರ ಎಲ್ಲ ಬರುತ್ತದೆ, ಆ ವಾರ ತಿಂದು ಸಾಕಾಗಿ ಹೂ ಬಿಡುತ್ತದೆ, ಆಮೇಲೆ ಎರಡು ತಿಂಗಳು ಅಂಗಡಿಯ ಬಾಡಿದ ಕಟ್ಟೇ ಗತಿ. ಕೊತ್ತಂಬರಿ ಬೀಜವನ್ನು ಸಿಮೆಂಟಿನ ಮೇಲೆ ಹರಡಿ ಹಳೇ ರಬ್ಬರ್ ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡುವುದು ನನ್ನ ಕೆಲಸ. ಮೆಂತ್ಯ ಸಾಸಿವೆ ಡಬ್ಬಿಯಿಂದಲೇ ಬರುತ್ತಿತ್ತು. ಹರಿವೆ, ಹುರುಳಿಕಾಯಿ, ಮೂಲಂಗಿಯ ಬೀಜ ಅಪ್ಪನ ಕ್ಯಾಮೆರಾ ರೀಲಿನ ಖಾಲಿ ಡಬ್ಬಿಗಳಲ್ಲಿ ಇರುತ್ತಿದ್ದವು. ಪ್ರತಿಯೊಂದರ ಮೇಲೂ ಅಮ್ಮನ ಗುಂಡಗಿನ ಅಕ್ಷರದ ಚೀಟಿ. ಮೈಸೂರಿನಲ್ಲಿ ಒಂದನೇ ಕ್ಲಾಸು ಮುಗಿಸಿ ಬಂದವಳು ನಾನು; ಒಂದು ವರ್ಷದಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡಲು ಶುರುಮಾಡಿದ್ದೆ. ನನ್ನ ಕನ್ನಡದ ಒತ್ತಕ್ಷರಗಳೆಲ್ಲ ಆ ಚೀಟಿಗಳಿಂದ ಕಲಿತವು. ಇವತ್ತು ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಯಾವ ಕನ್ನಡ ಶಾಲೆಗೂ ನಾನು ನಮಸ್ಕಾರ ಹೇಳಬೇಕಾಗಿಲ್ಲ. ಆ ಡಬ್ಬಿಗಳಿಗೆ ಹೇಳಿದರೆ ಸಾಕು.

ಅಮ್ಮ ಮೈಸೂರಿನಲ್ಲಿ ಹೈಸ್ಕೂಲು ಗಣಿತದ ಟೀಚರ್ ಆಗಿದ್ದವಳು. ಹತ್ತನೇ ಕ್ಲಾಸಿನ ಪುಂಡರನ್ನು ಒಂದು ಕಣ್ಣೋಟದಲ್ಲಿ ಕೂರಿಸುತ್ತಿದ್ದವಳು. ಅಪ್ಪ ಅರಿವಳಿಕೆ ಡಾಕ್ಟರು. ಆಸ್ಪತ್ರೆಯ ಕರೆ ಬಂದು ನಾವು ಇಲ್ಲಿಗೆ ಬಂದದ್ದು. ಇಲ್ಲಿ ಮತ್ತೆ ಟೀಚರ್ ಆಗಬೇಕೆಂದರೆ ರಿಜಿಸ್ಟ್ರೇಷನ್ ಬೇಕು, ಅದಕ್ಕೆ ಮಾರ್ಕ್ಸ್ ಕಾರ್ಡುಗಳು, ಸಿಲಬಸ್ಸು, ಮೈಸೂರಿನಿಂದ ಮೊಹರು ಒತ್ತಿದ ಪತ್ರ, ಇಂಗ್ಲಿಷ್ ಪರೀಕ್ಷೆ. ಊಟದ ಮೇಜಿನ ಒಂದು ತುದಿ ಯಾವಾಗಲೂ ಆ ಕಾಗದಗಳದ್ದು. ತಟ್ಟೆ ಇಡುವಾಗ "ಆ ಕಡೆ ಬೇಡ" ಎಂದು ಗದರುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ಬ್ಲ್ಯಾಕ್‌ಬೋರ್ಡಿನ ಮುಂದೆ ಮತ್ತೆ ನಿಲ್ಲುವುದು. ಸೊಪ್ಪು ತರಕಾರಿ ಅವಳ ಹವ್ಯಾಸ ಎಂದು ಮನೆಗೆ ಬಂದವರು ಹೊಗಳಿದರೆ ಅವಳ ಮುಖ ಗಂಟಿಕ್ಕಿಕೊಳ್ಳುತ್ತಿತ್ತು.

ವಿಲೆಟನ್‌ನ ಮಣ್ಣು ಮಣ್ಣಲ್ಲ, ಬೂದು ಮರಳು. ನೀರು ಹಾಕಿದರೆ ಮೇಲೆಯೇ ಉರುಳಿ ಹೋಗುತ್ತಿತ್ತು. ಅಮ್ಮ ಹಿತ್ತಲಿನ ಹುಲ್ಲನ್ನು ಅಗೆದು ಹಾಕಿ, ಕುರಿಗೊಬ್ಬರದ ಚೀಲಗಳನ್ನು ಸುರಿದು, ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಎಲ್ಲ ಹೊಯ್ದು ಒಂದೂವರೆ ವರ್ಷದಲ್ಲಿ ಅದನ್ನು ಕಪ್ಪು ಮಾಡಿದಳು. ಮೂರು ತಿಂಗಳಿಗೊಮ್ಮೆ ಮನೆ ನೋಡಲು ಏಜೆಂಟ್ ಹೆಂಗಸು ಬರುತ್ತಿದ್ದಳು. ಕೈಯಲ್ಲಿ ಕ್ಲಿಪ್‌ಬೋರ್ಡು, ಕಾಲಲ್ಲಿ ಎತ್ತರದ ಹಿಮ್ಮಡಿ. ಆ ಹಿಮ್ಮಡಿ ಒಮ್ಮೆ ನಮ್ಮ ಮೂಲಂಗಿ ಸಾಲಿನಲ್ಲಿ ಹೂತುಕೊಂಡಿತು. ಲಾನ್ ಎಲ್ಲಿ ಹೋಯಿತು ಎಂದು ಅವಳು ಕೇಳಿದಳು. ಅಮ್ಮ ತನ್ನ ಇಂಗ್ಲಿಷಿನಲ್ಲಿ, ನಾವು ಹುಲ್ಲು ತಿನ್ನುವುದಿಲ್ಲ ಎಂದಳು. ಅಪ್ಪ ಕಕ್ಕಾಬಿಕ್ಕಿಯಾಗಿ, ಹೋಗುವಾಗ ಸರಿಮಾಡಿಕೊಡುತ್ತೇವೆ ಎಂದು ಸಹಿ ಹಾಕಿದರು. ಅಪ್ಪನಿಗೆ ಸಹಿ ಹಾಕುವುದು ಬಹಳ ಸುಲಭ.

ಹಾಗೆಯೇ ಆಯಿತು. ಬ್ರಿಸ್ಬೇನ್‌ನಲ್ಲಿ ಇನ್ನೂ ಒಳ್ಳೆಯ ಕೆಲಸ ಸಿಕ್ಕಿತು, ಮೂರು ವಾರದಲ್ಲಿ ಹೊರಡಬೇಕು. ಅಮ್ಮನ ಕಾಗದಗಳಿಗೆ ಪರ್ತ್‌ನ ಕಚೇರಿಯಿಂದ ಆಗಷ್ಟೇ ಒಪ್ಪಿಗೆಯ ಪತ್ರ ಬಂದಿತ್ತು. ಬ್ರಿಸ್ಬೇನ್ ಬೇರೆ ರಾಜ್ಯ, ಅಲ್ಲಿ ಎಲ್ಲವೂ ಮೊದಲಿನಿಂದ. ಮೂಲಂಗಿ ಕಿರುಬೆರಳಿನಷ್ಟಾಗಿದ್ದವು. ಮೆಂತ್ಯದ ಸಾಲು ಆವತ್ತು ಬೆಳಿಗ್ಗೆ ತಾನೇ ಮೊಳೆತಿತ್ತು. ಲಾರಿಯಲ್ಲಿ ಹುಲ್ಲಿನ ಸುರುಳಿಗಳು ಬಂದವು, ಚಾಪೆ ಸುತ್ತಿದ ಹಾಗೆ ಸುತ್ತಿದ್ದವು. ಅಪ್ಪ ಆಸ್ಪತ್ರೆಯಲ್ಲಿದ್ದರು. ಅಮ್ಮನೇ ಆ ಸುರುಳಿಗಳನ್ನು ಒಂದೊಂದಾಗಿ ತನ್ನ ಮೊಳಕೆಗಳ ಮೇಲೆ ಬಿಚ್ಚಿ, ಕಾಲಿನಿಂದ ತುಳಿದು ಕೂರಿಸಿದಳು. ತುಳಿಯುವಾಗ ಬಾಯಿಬಿಟ್ಟು ಅತ್ತಳು. ನಾನು ಅವಳ ಪಕ್ಕದಲ್ಲಿ ನಿಂತು ತುಳಿದೆ. ಒಂಬತ್ತು ವರ್ಷದವಳ ಸಿಟ್ಟಿಗೆ ಬೇರೆ ಏನು ಮಾಡಲು ತಿಳಿಯುತ್ತದೆ, ಹೇಳಿ.

ಬ್ರಿಸ್ಬೇನ್‌ನ ಕ್ಯಾಲಮ್‌ವೇಲ್‌ನಲ್ಲಿ ಅಮ್ಮ ಮತ್ತೆ ಅಗೆದಳು. ಅಲ್ಲಿ ಬೇಸಿಗೆಯೆಂದರೆ ಬೆವರು ಮತ್ತು ಗುಡುಗು. ಕೊತ್ತಂಬರಿ ನಾಲ್ಕೆಲೆ ಬಿಡುವಷ್ಟರಲ್ಲಿ ಹೂವಿಗೆ ನಿಲ್ಲುತ್ತಿತ್ತು, ಆದರೆ ಹರಿವೆ ನನ್ನ ಎತ್ತರ ಬೆಳೆಯುತ್ತಿತ್ತು. ಬಿನ್ ಲಾರಿ ಅಲ್ಲೂ ಹದಿನೈದು ದಿನಕ್ಕೊಮ್ಮೆಯೇ. ವಾರಕ್ಕೆ ಮೂರು ದಿನ ಮಸ್ಸೊಪ್ಪು, ಮುದ್ದೆ. ಉಳಿದ ದಿನ ದಂಟಿನ ಹುಳಿ. ಸ್ಕೂಲಿನಲ್ಲಿ ನನ್ನ ಗೆಳತಿಯರು ಸಾಸೇಜ್ ತಿನ್ನುವಾಗ ನಾನು ಹಸಿರು ಹಲ್ಲು ಬಿಟ್ಟುಕೊಂಡು ಕೂರುತ್ತಿದ್ದೆ. ಯಾರಾದರೂ ಮೂಗು ಮುರಿದರೆ ಬೇಕೆಂದೇ ಇನ್ನೂ ಅಗಲ ಬಿಡುತ್ತಿದ್ದೆ. ಅಮ್ಮ ಸಂಜೆ ಕಾಲೇಜಿಗೆ ಸೇರಿ, ರಾಜ್ಯದವರು ಕೇಳಿದ್ದ ನಾಲ್ಕು ವಿಷಯಗಳಲ್ಲಿ ಎರಡನ್ನು ಮುಗಿಸಿದಳು. ಆಗ ಅಪ್ಪನಿಗೆ ಅಡಿಲೇಡ್‌ನಲ್ಲಿ ಸ್ಪೆಷಲಿಸ್ಟ್ ತರಬೇತಿ ಸಿಕ್ಕಿತು. ಪ್ಯಾಕಿಂಗ್ ದಿನ ಪಕ್ಕದ ಬೀದಿಯ ವೀಣಾ ಆಂಟಿ ಚಿತ್ರಾನ್ನ ತಂದುಕೊಟ್ಟು ಸಮಾಧಾನ ಹೇಳಿದರು.

"ಬೇಜಾರ್ ಮಾಡ್ಕೋಬೇಡಿ ಗಿರಿಜಾ. ಅವ್ರೆಲ್ಲೋ ನಾವಲ್ಲೇ, ಅಲ್ವೇನ್ರೀ? ಎಲ್ಲಿ ಹೋದ್ರೂ ನಾಲ್ಕು ಗಿಡ ಹಾಕ್ಕೊಂಡ್ರಾಯ್ತು."

ಅಮ್ಮ ಚಿತ್ರಾನ್ನದ ಡಬ್ಬಿಯನ್ನು ಒಳಗೆ ತೆಗೆದಿಟ್ಟಳು. ಅವರು ಹೋದ ಮೇಲೆ ಪೆಟ್ಟಿಗೆಗೆ ಟೇಪ್ ಎಳೆಯುತ್ತಾ ತನಗೆ ತಾನೇ ಅಂದುಕೊಂಡಳು.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ."

ಅಪ್ಪ ಕೆಟ್ಟವರಲ್ಲ. ಇದನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದನ್ನು ಓದಿ ಅವರನ್ನು ಬೈಯಲು ಹೊರಡುವವರು ಇದ್ದಾರೆ. ಬೈಯುವ ಹಕ್ಕು ನನಗೊಬ್ಬಳಿಗೇ ಇದೆ. ಅವರು ಕೈ ಎತ್ತಿದವರಲ್ಲ, ದನಿ ಎತ್ತಿದವರಲ್ಲ. ನನ್ನ ಜಡೆ ಹಾಕುತ್ತಿದ್ದರು, ಭಾನುವಾರ ದೋಸೆ ಹುಯ್ಯುತ್ತಿದ್ದರು. ಅವರ ದೋಷ ಒಂದೇ. ಊರು ಬಿಡುವ ಮಾತನ್ನು ತಾವೊಬ್ಬರೇ ನಿರ್ಧರಿಸಿ, ಒಳ್ಳೆಯ ಸಮಯ ನೋಡಿ ಹೇಳೋಣ ಎಂದು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಒಳ್ಳೆಯ ಸಮಯ ಯಾವತ್ತೂ ಬರುತ್ತಿರಲಿಲ್ಲ, ಟಿಕೆಟ್ ಬರುತ್ತಿತ್ತು.

ಅಡಿಲೇಡ್‌ನ ಬೆಡ್‌ಫರ್ಡ್ ಪಾರ್ಕ್‌ನಲ್ಲಿ ನಮ್ಮ ಮನೆ ಇಳಿಜಾರಿನಲ್ಲಿತ್ತು. ಹಿತ್ತಲಿನ ಕೆಂಪು ಜೇಡಿ ಬೇಸಿಗೆಯಲ್ಲಿ ಕಲ್ಲು, ಮಳೆಗಾಲದಲ್ಲಿ ಅಂಟು. ಒಂದು ಕಡೆ ಅಪ್ಪನ ಆಸ್ಪತ್ರೆ, ಗುಡ್ಡದ ಮೇಲೆ ಯೂನಿವರ್ಸಿಟಿ. ಅಮ್ಮ ಆ ಯೂನಿವರ್ಸಿಟಿಯಲ್ಲಿ ಟೀಚರ್ ಕೋರ್ಸಿಗೆ ಸೇರಿದಳು. ತನಗಿಂತ ಹದಿನೈದು ವರ್ಷ ಚಿಕ್ಕವರ ನಡುವೆ ಕೂತು, ಅವರಿಗೆಲ್ಲ ಕ್ಯಾಲ್ಕುಲಸ್ ಹೇಳಿಕೊಟ್ಟು, ಮನೆಗೆ ನಡೆದು ಬಂದು ಸೊಪ್ಪು ಬಿಡಿಸುತ್ತಿದ್ದಳು. ಎರಡು ವರ್ಷದ ಕೋರ್ಸು; ಕೊನೆಯ ಒಂದು ಸೆಮಿಸ್ಟರ್ ಮತ್ತು ಶಾಲೆಯಲ್ಲಿ ಪಾಠ ಮಾಡುವ ಹತ್ತು ವಾರ ಬಾಕಿ ಉಳಿದಿದ್ದವು. ಊಟದ ಮೇಜಿನ ತುದಿಯಲ್ಲಿ ಈಗ ಅರ್ಜಿಗಳ ಬದಲು ಪಾಠದ ಟಿಪ್ಪಣಿಗಳಿದ್ದವು. ಆ ದಿನಗಳಲ್ಲಿ ಅವಳು ಅಡುಗೆ ಮಾಡುತ್ತಾ ಗುನುಗುತ್ತಿದ್ದಳು. ನಾನು ಅವಳ ಗುನುಗನ್ನು ಕೇಳಿದ್ದೇ ಅಲ್ಲಿ ಮೊದಲು.

ಆಗ ನನಗೆ ಹದಿಮೂರು. ಚಳಿ ಇಳಿಯುತ್ತಿದ್ದ ಹೊತ್ತು, ಅಮ್ಮನಿಗೆ ಪಿತ್ತಕೋಶದ ಆಪರೇಷನ್ ಆಯಿತು. ಎರಡು ವಾರ ಬಗ್ಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ. ಅಪ್ಪ ರಜೆ ಹಾಕಿದರು. ಅನ್ನ ಸಾರು ಮಾಡಿದರು, ಬಟ್ಟೆ ಒಗೆದರು, ಅಮ್ಮನ ಟಿಪ್ಪಣಿಗಳನ್ನು ಹಾಸಿಗೆಗೇ ತಂದುಕೊಟ್ಟರು. ಒಂದು ಶನಿವಾರ ನಾನು ಗೆಳತಿಯ ಮನೆಯಿಂದ ಬರುವಾಗ ಹಿತ್ತಲಿನಲ್ಲಿ ಮಂಡಿಯೂರಿ ಕೂತಿದ್ದರು. ಎರಡು ಕಡ್ಡಿ ನೆಟ್ಟು ದಾರ ಕಟ್ಟಿ, ಅಳತೆ ಹಿಡಿದು, ಹೊಲಿಗೆ ಹಾಕುವವರ ನಾಜೂಕಿನಲ್ಲಿ ಬಿತ್ತುತ್ತಿದ್ದರು. ಅಮ್ಮನಿಗೆ ಹೇಳಬೇಡ, ಸರ್‌ಪ್ರೈಸ್ ಎಂದರು. ನನಗೆ ಅಪ್ಪನ ಮೇಲೆ ಅಕ್ಕರೆ ಉಕ್ಕಿತು. ನಾನೇ ಪೈಪ್ ಹಿಡಿದು ನೀರು ಹಾಕಿದೆ.

ಆಪರೇಷನ್ ಆದ ಹದಿಮೂರನೆಯ ದಿನ ಅಮ್ಮ ನೈಟಿಯ ಮೇಲೆ ಸ್ವೆಟರ್ ಹಾಕಿಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮೆಲ್ಲಗೆ ಹಿಂಬಾಗಿಲ ಮೆಟ್ಟಿಲಿಳಿದಳು. ಮಧ್ಯಾಹ್ನ, ಒಳ್ಳೆಯ ಬಿಸಿಲು. ನಾನು ಅವಳ ತೋಳು ಹಿಡಿದಿದ್ದೆ. ಪಾತಿಯ ಹತ್ತಿರ ಬಂದು ನಿಂತಳು. ಐದು ಸಾಲು. ಕೊತ್ತಂಬರಿ, ಮೆಂತ್ಯ, ಮೂಲಂಗಿ, ಪಾಲಕ್, ಮತ್ತೆ ಕೊತ್ತಂಬರಿ. ಬೇರೆ ಬೇರೆ ಬೀಜ, ಆದರೆ ಐದೂ ಆಗಷ್ಟೇ ಎದ್ದ ಮೊಳಕೆ, ಐದೂ ಒಂದೇ ಎತ್ತರ.

"ಲುಕ್, ಅಪ್ಪ ಡಿಡ್ ಇಟ್ ಆಲ್!" ಎಂದೆ ನಾನು ಕುಣಿಯುತ್ತಾ.

"ಶೆಡ್ಡಿಂದ ಡಬ್ಬಿಗಳನ್ನ ತಗೊಂಡ್ಬಾ," ಎಂದಳು ಅಮ್ಮ.

ತಂದುಕೊಟ್ಟೆ. ಅಲ್ಲಾಡಿಸಿದಳು. ಒಂದರಲ್ಲೂ ಸದ್ದಿಲ್ಲ, ಎಲ್ಲ ಖಾಲಿ. ಅಷ್ಟರಲ್ಲಿ ಅಪ್ಪ ಮೂರು ಲೋಟ ಕಾಫಿ ಹಿಡಿದು, ಹೊಗಳಿಕೆಗೆ ಕಾಯುವವರ ಮುಖ ಮಾಡಿಕೊಂಡು ಬಂದರು. ಅಮ್ಮ ಕಾಫಿ ತೆಗೆದುಕೊಳ್ಳಲಿಲ್ಲ.

"ಯಾವಾಗ ಹೊರಡೋದು?"

ಅಪ್ಪ ಕಾಫಿ ತಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟರು.

"ನಿಂಗ್ಯಾರು ಹೇಳಿದ್ರು?"

ಆ ಒಂದು ಪ್ರಶ್ನೆಯಲ್ಲಿ ಎಲ್ಲ ಹೊರಬಿತ್ತು. ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಇರುವವನು ಹದಿನೈದು ದಿನ ಬಿಟ್ಟು ಬಿತ್ತುತ್ತಾನೆ. ಹೊರಡುವವನು ಎಲ್ಲವನ್ನೂ ಒಟ್ಟಿಗೆ ಬಿತ್ತುತ್ತಾನೆ. ಅಮ್ಮ ಅದನ್ನು ನೋಡಿದ ಕೂಡಲೇ ಲೆಕ್ಕ ಹಾಕಿಬಿಟ್ಟಿದ್ದಳು. ಪರ್ತ್‌ನ ಒಂದು ಆಸ್ಪತ್ರೆಯಲ್ಲಿ ಅಪ್ಪನಿಗೆ ಕಾಯಂ ಸ್ಪೆಷಲಿಸ್ಟ್ ಹುದ್ದೆ, ನವೆಂಬರಿನಲ್ಲಿ ಅಲ್ಲಿರಬೇಕು. ತಿಂಗಳ ಹಿಂದೆಯೇ ಸಹಿ ಹಾಕಿದ್ದರು.

"ಪರ್ತ್‌ನಲ್ಲಿ ಮೆಂತ್ಯ ಬಿಟ್ಟುಬಂದಿದ್ದಕ್ಕೆ ನೀನು ಎಷ್ಟು ಅತ್ತೆ ಗಿರಿಜಾ. ಈ ಸಲ ಏನೂ ಬಿಟ್ಟುಹೋಗೋದು ಬೇಡ, ಹೊರಡೋಷ್ಟರಲ್ಲಿ ಎಲ್ಲ ಬಾಯಿಗೆ ಬರ್ಲಿ ಅಂತ ಹಾಕ್ದೆ. ನಿನಗೋಸ್ಕರಾನೇ ಹಾಕ್ದೆ."

"ನಾನು ಮೆಂತ್ಯಕ್ಕೆ ಅತ್ತೆ ಅಂದ್ಕೊಂಡ್ರಾ?"

ಅಪ್ಪ ನಾಲ್ಕು ವರ್ಷ ಹಾಗೆಯೇ ಅಂದುಕೊಂಡಿದ್ದರು, ಪುಣ್ಯಾತ್ಮ.

"ಕೋರ್ಸು ಅಲ್ಲಿ ಮುಂದುವರಿಸ್ಬೋದು. ನಾನು ವಿಚಾರಿಸ್ತೀನಿ," ಎಂದರು ಆಮೇಲೆ.

"ಬ್ರಿಸ್ಬೇನ್‌ಗೆ ಹೊರಟಾಗ್ಲೂ ಇದನ್ನೇ ಅಂದ್ರಿ. ಇಲ್ಲಿಗೆ ಬರೋವಾಗ್ಲೂ ಇದನ್ನೇ ಅಂದ್ರಿ. ವಿಚಾರಿಸಿದ್ರಾ? ನಾನು ಬರಲ್ಲ ರೀ. ನೀವು ಹೋಗ್ಬನ್ನಿ. ನಾನು ಇದನ್ನ ಮುಗಿಸ್ದೇ ಇಲ್ಲಿಂದ ಕದಲಲ್ಲ."

ದನಿ ಎತ್ತರಿಸಲಿಲ್ಲ. ಹತ್ತನೇ ಕ್ಲಾಸಿಗೆ ಪಾಠ ಹೇಳುವ ದನಿ ಅದು. ನಾನು ಅದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ಪುಟ್ಟಿ, ನಾನು ಬಗ್ಗೋ ಹಾಗಿಲ್ಲ. ಎರಡನೇ ಸಾಲು, ನಾಲ್ಕನೇ ಸಾಲು ಕಿತ್ತುಹಾಕು. ಬೇರು ಸಮೇತ."

"ಏ, ಚೆನ್ನಾಗಿ ಬಂದಿರೋದನ್ನ ಯಾಕೆ ಕೀಳ್ತೀಯೇ?" ಎಂದರು ಅಪ್ಪ. ಅವರ ಕಣ್ಣಲ್ಲಿ ನೀರಿತ್ತು.

"ಮುಂದಿನ ಬಿನ್ ದಿನಕ್ಕೆ ನಂಗೆ ಜಾಗ ಬೇಕು. ಅದರ ಮುಂದಿನದಕ್ಕೂ ಬೇಕು."

ಕಿತ್ತೆ. ಎಳೆಯ ಮೆಂತ್ಯದ ಬೇರು ಬಿಳಿ ದಾರದ ಹಾಗಿರುತ್ತದೆ, ಎಳೆದರೆ ಪಟ್ಟೆಂದು ಬರುತ್ತದೆ. ಅಪ್ಪ ದಾರ ಕಟ್ಟಿ ಬಿತ್ತಿದ್ದನ್ನು, ನಾನೇ ನೀರು ಹಾಕಿದ್ದನ್ನು, ಅಪ್ಪನ ಕಣ್ಣೆದುರೇ ಕಿತ್ತೆ. ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅಪ್ಪ ಕಡೆಯ ಆಸೆಯಿಂದ ನನ್ನನ್ನೂ ಕೇಳಿದರು: ನೀನಾದರೂ ಹೇಳು, ನಿನಗೆ ಪರ್ತ್ ಇಷ್ಟ ಅಲ್ಲವಾ, ನಿನ್ನ ಹಳೇ ಗೆಳತಿಯರೆಲ್ಲ ಅಲ್ಲೇ ಇದ್ದಾರೆ. ನಾನು ಮಣ್ಣಿನ ಕೈಯನ್ನು ಜೀನ್ಸಿಗೆ ಒರೆಸಿಕೊಂಡು ಎದ್ದು ನಿಂತೆ. ಮೂರು ಶಾಲೆ, ಮೂರು ಸಲ ಹೊಸ ಹುಡುಗಿ, ಮೂರು ಸಲ ಊಟದ ಹೊತ್ತಿಗೆ ಒಂಟಿ ಬೆಂಚು. ಎಲ್ಲ ಒಟ್ಟಿಗೆ ನೆನಪಾಯಿತು. ಮಾತು ಹೊರಗೆ ಬಂದದ್ದು ಕನ್ನಡದಲ್ಲಿ.

"ನಾನೂ ಬರಲ್ಲ ಅಪ್ಪ. ನನ್ನನ್ನೂ ಯಾರೂ ಕೇಳಿರ್ಲಿಲ್ಲ."

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಜಗಳ ಎಂಟು ವಾರ ಉಂಡಿತು, ಎಂಟು ವಾರ ಮಲಗಿತು, ಎದ್ದಾಗ ಅಲ್ಲೇ ಇತ್ತು. ಮೂಲಂಗಿ ಎಲ್ಲ ಒಟ್ಟಿಗೆ ಬಂದು ಬೆಳಿಗ್ಗೆ ಮೂಲಂಗಿ ರೊಟ್ಟಿ, ಮಧ್ಯಾಹ್ನ ಮೂಲಂಗಿ ಹುಳಿ, ನನ್ನ ಸ್ಕೂಲ್ ಡಬ್ಬಿಯಲ್ಲೂ ಅದೇ. ಯಾರೂ ಚಕಾರ ಎತ್ತದೆ ತಿಂದೆವು. ಕಿತ್ತ ಸಾಲುಗಳಲ್ಲಿ ಅಮ್ಮ ಸಾಂಬಾರ ಡಬ್ಬಿಯ ಕೊತ್ತಂಬರಿ ಹಾಕಿದಳು, ಹದಿನೈದು ದಿನ ಬಿಟ್ಟು ಅದರ ಪಕ್ಕ ಅಂಗಡಿಯಿಂದ ತಂದ ಹುರುಳಿಕಾಯಿ ಬೀಜ. ಮೈಸೂರಿನಿಂದ ದೊಡ್ಡಮಾವ ಫೋನ್ ಮಾಡಿ, ಸೊಪ್ಪು ಬೆಳೆಯುವ ಹಠಕ್ಕೆ ಸಂಸಾರ ಒಡೆಯುತ್ತೀಯಾ ಎಂದು ಕೇಳಿದರು. ಫೋನ್ ಸ್ಪೀಕರಿನಲ್ಲಿತ್ತು. ಸೊಪ್ಪಲ್ಲ ಅಣ್ಣ, ಪಾಠ ಎಂದಳು ಅಮ್ಮ. ವೀಣಾ ಆಂಟಿಯೂ ಮಾಡಿದರು. ಆ ಕರೆಯನ್ನು ನಾನೇ ಎತ್ತಿ, ಅಮ್ಮ ಓದುತ್ತಿದ್ದಾಳೆ ಎಂದು ಇಟ್ಟುಬಿಟ್ಟೆ. ಇವತ್ತಿಗೂ ಅದು ಒರಟಾಯಿತು ಎಂದು ನನಗೆ ಅನ್ನಿಸುವುದಿಲ್ಲ. ಆಮೇಲೆ ನಾನು ಬದುಕಿನಲ್ಲಿ ಹೇಳಿದ ಎಷ್ಟೋ 'ಇಲ್ಲ'ಗಳಿಗೆ, ಮದುವೆಗೆ ಕೇಳಿಕೊಂಡು ಬಂದವರಿಗೆ, ಸಂದರ್ಶನ ಮಾಡಿದವರಿಗೆ, ಮೇಲಧಿಕಾರಿಗಳಿಗೆ ಹೇಳಿದ್ದಕ್ಕೆ, ಆ ಮಧ್ಯಾಹ್ನವೇ ಮೂಲ. ನಾನು ಯಾರಿಗೂ ಕ್ಷಮೆ ಕೇಳಿಲ್ಲ.

ಕಡೆಗೆ ಏನಾಯಿತು ಎಂದು ತಿಳಿಯದಿದ್ದರೆ ಕೆಲವರಿಗೆ ಊಟ ಸೇರುವುದಿಲ್ಲ. ಅವರಿಗೆ ಈಗಲೇ ಹೇಳುತ್ತೇನೆ. ಸಂಸಾರ ಒಡೆಯಲಿಲ್ಲ. ಅಪ್ಪ ಹದಿನಾಲ್ಕು ತಿಂಗಳು ಪರ್ತ್‌ನಲ್ಲಿ ಒಬ್ಬರೇ ಇದ್ದು, ಬೇಯಿಸಿಕೊಂಡು ತಿಂದು, ಅಡಿಲೇಡ್‌ನಲ್ಲಿ ಚಿಕ್ಕ ಹುದ್ದೆಯೊಂದು ಹುಡುಕಿಕೊಂಡು ವಾಪಸು ಬಂದರು. ಅಮ್ಮ ಅಷ್ಟರಲ್ಲಿ ಗಣಿತದ ಟೀಚರ್ ಆಗಿದ್ದಳು. ಆದರೆ ಅವರು ಹೊರಟ ಬೆಳಿಗ್ಗೆ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ಅವರು ವಾಪಸು ಬರದೆಯೂ ಇರಬಹುದಿತ್ತು. ಅದು ಗೊತ್ತಿದ್ದೇ ಅಮ್ಮ ನಿಂತಿದ್ದಳು.

ಬೆಳಿಗ್ಗೆ ಎಂಟಕ್ಕೆ ಟ್ಯಾಕ್ಸಿ ಬಂತು. ಅಮ್ಮ ಚಟ್ನಿಪುಡಿ, ಹುಳಿಪುಡಿ, ಒಂದು ವಾರಕ್ಕಾಗುವಷ್ಟು ಚಪಾತಿ ಕಟ್ಟಿಕೊಟ್ಟಿದ್ದಳು. ಅಪ್ಪ ಬಾಗಿಲಲ್ಲಿ ಶೂ ದಾರ ಕಟ್ಟುತ್ತಾ, ತಲೆ ಎತ್ತದೆ ಕೇಳಿದರು.

"ಹೆಂಡ್ತಿ ಮಗಳನ್ನ ಬಿಟ್ಟು ಒಬ್ನೇ ಬಂದಿದ್ದಾನೆ ಅಂತ ಜನ ಏನಂತಾರೆ ಗಿರಿಜಾ?"

"ಮೂರು ಸಲ ನಿಮ್ಮ ಹಿಂದೆ ಎಲ್ಲ ಬಿಟ್ಟು ಬಂದೆ. ಆಗ ಜನ ಏನಂದ್ರು? ಏನೂ ಅನ್ಲಿಲ್ಲ. ಈಗ ಏನಾದ್ರೂ ಅಂದ್ರೆ, ನನ್ನ ಹತ್ರ ಕಳ್ಸಿ."

ಅಪ್ಪ ಎದ್ದು ನನ್ನ ತಲೆ ಸವರಿದರು. ಅಮ್ಮನ ಭುಜದ ಮೇಲೆ ಒಂದು ಕ್ಷಣ ಕೈ ಇಟ್ಟರು. ಅಮ್ಮ ಆ ಕೈಯ ಮೇಲೆ ತನ್ನ ಕೈ ಇಟ್ಟಳು, ಆಮೇಲೆ ತೆಗೆದಳು. ಟ್ಯಾಕ್ಸಿ ಇಳಿಜಾರಿನಲ್ಲಿ ತಿರುಗಿ ಮರೆಯಾಯಿತು. ಅವಳು ಒಳಗೆ ಹೋಗಿ ಮುಖ ತೊಳೆದು, ಚೀಲ ಹೆಗಲಿಗೇರಿಸಿ, ಬಾಗಿಲಿಗೆ ಬೀಗ ಹಾಕಿದಳು. ನನ್ನ ಬಸ್ ಸ್ಟಾಪಿನವರೆಗೂ ಇಬ್ಬರಿಗೂ ಒಂದೇ ದಾರಿ, ಗುಡ್ಡದ ಏರು. ಅರ್ಧ ದಾರಿಯಲ್ಲಿ ನೋಡುತ್ತೇನೆ, ಅವಳ ಕೆನ್ನೆ ಪೂರ್ತಿ ಒದ್ದೆಯಾಗಿದೆ. ಒರೆಸಿಕೊಳ್ಳುತ್ತಲೂ ಇಲ್ಲ, ನಡಿಗೆಯನ್ನು ನಿಧಾನ ಮಾಡುತ್ತಲೂ ಇಲ್ಲ.

"ಅಮ್ಮ, ಅಳ್ತಿದ್ದೀಯಾ? ಸ್ವಲ್ಪ ಕೂತ್ಕೋ."

"ಹೂಂ, ಅಳ್ತಿದ್ದೀನಿ. ಅಳ್ಕೊಂಡೇ ಹೋಗ್ತೀನಿ, ಬಿಡು. ಒಂಬತ್ತಕ್ಕೆ ಪರೀಕ್ಷೆ."